26 ಅಡಿ ಜಾಗದ ಜಗಳ: ಬರ್ಕ್ಲಿ ವಿದ್ಯಾರ್ಥಿಗಳು, 1964

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸಿನ ದಕ್ಷಿಣದ ಗೇಟಿನಲ್ಲಿ, ಬ್ಯಾಂಕ್ರಾಫ್ಟ್ ರಸ್ತೆಗೆ ಟೆಲಿಗ್ರಾಫ್ ಅವೆನ್ಯೂ ಬಂದು ಕೂಡುವ ಕಡೆ, ಇಟ್ಟಿಗೆ ಹಾಸಿದ ಒಂದು ತುಂಡು ಜಾಗ ಇತ್ತು. ಅಗಲ 26 ಅಡಿ. ಅದು ಊರಿನ ನಗರಸಭೆಗೆ ಸೇರಿದ್ದು ಅಂತ ಎಲ್ಲರೂ ಅಂದುಕೊಂಡಿದ್ದರು. ವಿಶ್ವವಿದ್ಯಾಲಯದ ಆಡಳಿತ ಮಂಡಳಿಯವರು, ಅಂದರೆ ರೀಜೆಂಟರು, 1959ರಲ್ಲಿ ಅದನ್ನು ನಗರಕ್ಕೆ ಬಿಟ್ಟುಕೊಡುವ ತೀರ್ಮಾನವನ್ನೂ ಮಾಡಿದ್ದರು. ಆದರೆ ಕಾಗದಪತ್ರ ಮುಂದಕ್ಕೆ ಹೋಗಲೇ ಇಲ್ಲ. ಹಾಗಾಗಿ 1964ರಲ್ಲೂ ಆ ಜಾಗ ವಿಶ್ವವಿದ್ಯಾಲಯದ್ದೇ. ಇದು ಯಾರಿಗೂ ನೆನಪಿರಲಿಲ್ಲ, ಅಷ್ಟೇ.

ವಿದ್ಯಾರ್ಥಿಗಳು ಅಲ್ಲಿ ಮಡಚುವ ಮೇಜು ಹಾಕಿಕೊಂಡು ಕೂರುತ್ತಿದ್ದರು. ಮೇಜಿನ ಮೇಲೆ ಕರಪತ್ರ, ಪಕ್ಕದಲ್ಲೊಂದು ಚಂದಾ ಡಬ್ಬಿ. ಕರಿಯರ ಹಕ್ಕಿಗಾಗಿ ಹೋರಾಡುವ ‘ಕೋರ್’ ಮತ್ತು ‘ಸ್ನಿಕ್’ ಸಂಘಟನೆಗಳ ಮೇಜು, ಸಮಾಜವಾದಿಗಳ ಮೇಜು, ಡೆಮಾಕ್ರಾಟರದು, ರಿಪಬ್ಲಿಕನ್ನರದು, ಆ ವರ್ಷ ರಿಪಬ್ಲಿಕನ್ ಪಕ್ಷದಿಂದ ದೇಶದ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಗೋಲ್ಡ್‌ವಾಟರ್ ಅಭಿಮಾನಿಗಳದು, ಎಲ್ಲವೂ ಅಕ್ಕಪಕ್ಕ. ಕ್ಯಾಂಪಸ್ಸಿನ ಒಳಗೆ ರಾಜಕೀಯಕ್ಕೆ ಅವಕಾಶ ಇರಲಿಲ್ಲ. ಒಳಗೆ ಮಾಡಲಾಗದ್ದನ್ನು ಗೇಟಿನಲ್ಲಿ ಮಾಡುತ್ತಿದ್ದರು. ಯಾರಿಗೂ ತೊಂದರೆ ಇರಲಿಲ್ಲ.

1964ರ ಸೆಪ್ಟೆಂಬರ್ 14ರಂದು ವಿದ್ಯಾರ್ಥಿಗಳ ಡೀನ್ ಕ್ಯಾಥರಿನ್ ಟೋಲ್ ಅವರಿಂದ ಒಂದು ಪತ್ರ ಬಂತು. 21ನೇ ತಾರೀಕಿನಿಂದ ಆ ಜಾಗದಲ್ಲೂ ಮೇಜು ಹಾಕುವಂತಿಲ್ಲ, ಚಂದಾ ಎತ್ತುವಂತಿಲ್ಲ, ಸದಸ್ಯರನ್ನು ಸೇರಿಸಿಕೊಳ್ಳುವಂತಿಲ್ಲ, ಯಾವ ಪಕ್ಷದ ಪರವಾಗಿಯೂ ಪ್ರಚಾರ ಮಾಡುವಂತಿಲ್ಲ. ಮೊದಲು ಕೊಟ್ಟ ಕಾರಣ: ಓಡಾಡುವವರಿಗೆ ಅಡ್ಡಿ. ವಿದ್ಯಾರ್ಥಿಗಳು ‘ಸರಿ, ನಾವೇ ಅಳತೆ ಮಾಡಿ ದಾರಿ ಬಿಡ್ತೀವಿ’ ಅಂದಾಗ ಕಾರಣ ಬದಲಾಯಿತು. ಟೋಲ್ ಹಿಂದೆ ನೌಕಾಪಡೆಯ ಮರೀನ್ ದಳದಲ್ಲಿ ಕರ್ನಲ್ ಆಗಿದ್ದವರು. ಆದೇಶ ಅವರಿಗೇ ಸರಿ ಕಂಡಿರಲಿಲ್ಲ. ಆದರೂ ಮೇಲಿನವರು ಹೇಳಿದ್ದಕ್ಕೆ ಸಹಿ ಹಾಕಿದರು. ನಮ್ಮ ಕಾಲೇಜುಗಳ ನೋಟಿಸ್ ಬೋರ್ಡ್ ಓದಿ ಬೆಳೆದವರಿಗೆ ಇದು ಹೊಸದಲ್ಲ ಬಿಡಿ.

ಇಷ್ಟಕ್ಕೇ ಇಡೀ ವಿಶ್ವವಿದ್ಯಾಲಯ ಮೂರು ತಿಂಗಳು ಹೊತ್ತಿ ಉರಿಯಿತಾ ಅಂದರೆ, ಹೌದು. ವಾಕ್ ಸ್ವಾತಂತ್ರ್ಯದ ಬಗ್ಗೆ ವಿದ್ಯಾರ್ಥಿಗಳ ಧೋರಣೆ ಏನು ಅಂತ ಕೇಳುವ ಸಮೀಕ್ಷೆಗಳು ಈಗ ಅಮೆರಿಕದಲ್ಲಿ ಬೇಕಾದಷ್ಟು ಇವೆ. ಅವುಗಳ ಶೇಕಡಾವಾರು ಓದುವ ಮೊದಲು ಈ ಒಂದು ಪ್ರಕರಣವನ್ನು ಪೂರ್ತಿ ನೋಡುವುದು ಒಳ್ಳೆಯದು ಅಂತ ನನಗನ್ನಿಸುತ್ತದೆ. ಮಾತಾಡುವ ಹಕ್ಕು ಬೇಕು ಅಂತ ಹುಡುಗರು ಯಾವಾಗ, ಯಾಕೆ ಪಟ್ಟು ಹಿಡಿಯುತ್ತಾರೆ ಅನ್ನುವುದು ಇಲ್ಲಿ ಕಣ್ಣಿಗೆ ಕಾಣುವ ಹಾಗಿದೆ.

ಆಡಳಿತದವರು ಕೆಟ್ಟವರೇನಲ್ಲ

ಕಥೆಗೆ ಒಬ್ಬ ಖಳನಾಯಕ ಇದ್ದಿದ್ದರೆ ಸುಲಭ ಆಗುತ್ತಿತ್ತು. ಆದರೆ ವಿಶ್ವವಿದ್ಯಾಲಯದ ಅಧ್ಯಕ್ಷ ಕ್ಲಾರ್ಕ್ ಕೆರ್ ಅಂಥವರಲ್ಲ. 1956ರಲ್ಲಿ, ಅವರಿಗಿಂತ ಮೊದಲಿನ ಆಡಳಿತದಲ್ಲಿ, ದೇಶದ ಅಧ್ಯಕ್ಷ ಸ್ಥಾನದ ಅಭ್ಯರ್ಥಿ ಅಡ್ಲೈ ಸ್ಟೀವನ್ಸನ್ ಕೂಡ ಕ್ಯಾಂಪಸ್ಸಿನ ಹೊರಗೆ ರಸ್ತೆಯಲ್ಲಿ ನಿಂತು ಭಾಷಣ ಮಾಡಬೇಕಾಯಿತು. ಕೆರ್ ಬಂದ ಮೇಲೆ ಇದೆಲ್ಲ ಮೆಲ್ಲಗೆ ಸಡಿಲವಾಯಿತು. 1961ರಲ್ಲಿ ಮ್ಯಾಲ್ಕಮ್ ಎಕ್ಸ್ ಅವರಿಗೆ ಒಳಗೆ ಮಾತಾಡಲು ಬಿಡಲಿಲ್ಲ ನಿಜ. 1963ರಲ್ಲಿ ಬಿಟ್ಟರು. ಕಮ್ಯುನಿಸ್ಟ್ ಭಾಷಣಕಾರರ ಮೇಲಿದ್ದ ನಿಷೇಧವೂ ಅದೇ ವರ್ಷ ಹೋಯಿತು. ತಮಾಷೆ ಅಂದರೆ 1964ರಲ್ಲೇ ಅಮೆರಿಕದ ಪ್ರಾಧ್ಯಾಪಕರ ಸಂಘ ಕೆರ್ ಮತ್ತು ರೀಜೆಂಟರಿಗೆ ಶೈಕ್ಷಣಿಕ ಸ್ವಾತಂತ್ರ್ಯ ಕಾಪಾಡಿದ್ದಕ್ಕಾಗಿ ಪ್ರಶಸ್ತಿ ಕೊಟ್ಟಿತ್ತು.

ಕೆರ್ ಅವರ ತರ್ಕ ಹೀಗಿತ್ತು: ಒಳಗೆ ಬಂದು ಯಾರು ಬೇಕಾದರೂ ಏನು ಬೇಕಾದರೂ ಮಾತಾಡಲಿ, ಚರ್ಚೆ ಮಾಡಲಿ. ಆದರೆ ವಿಶ್ವವಿದ್ಯಾಲಯದ ಜಾಗ ಹೊರಗಿನ ಚಳವಳಿಗೆ ಹಣ ಮತ್ತು ಜನ ಒದಗಿಸುವ ತಾಣ ಆಗಬಾರದು. ಮಾತು ಸರಿ, ಸಂಘಟನೆ ಬೇಡ. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ ಅಲ್ವಾ? ಸಾರ್ವಜನಿಕರ ತೆರಿಗೆಯಲ್ಲಿ ನಡೆಯುವ ಸಂಸ್ಥೆ ರಾಜಕೀಯದಿಂದ ದೂರ ಇರಬೇಕು ಅನ್ನುವ ಮಾತನ್ನು ನಾವೂ ದಿನಾ ಕೇಳುತ್ತೇವೆ.

ಎಡವಟ್ಟಾದದ್ದು ವರ್ಷದ ಆಯ್ಕೆಯಲ್ಲಿ. ಆ ಬೇಸಿಗೆಯಲ್ಲಿ ನೂರಾರು ಕಾಲೇಜು ಹುಡುಗ ಹುಡುಗಿಯರು ಮಿಸಿಸಿಪಿ ರಾಜ್ಯಕ್ಕೆ ಹೋಗಿದ್ದರು. ಕರಿಯರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸುವುದು, ಮಕ್ಕಳಿಗೆ ಪಾಠ ಹೇಳುವುದು ಅವರ ಕೆಲಸ. ಜೂನ್‌ನಲ್ಲಿ ಅಂಥ ಮೂವರು ಕಾರ್ಯಕರ್ತರನ್ನು ಕೊಂದು ಹೂತುಹಾಕಿದ್ದರು. ಹೆಣ ಸಿಕ್ಕಿದ್ದು ಆಗಸ್ಟಿನಲ್ಲಿ. ತತ್ವಶಾಸ್ತ್ರ ಓದುತ್ತಿದ್ದ 21 ವರ್ಷದ ಮಾರಿಯೊ ಸಾವಿಯೊ ಅಲ್ಲೇ ಇದ್ದವನು. ಮತ ಹಾಕುತ್ತೇನೆ ಅಂತ ಹೆಸರು ಬರೆಸಿದರೆ ಕೆಲಸ ಹೋಗುತ್ತದೆ, ಮನೆಗೆ ಬೆಂಕಿ ಬೀಳುತ್ತದೆ ಅಂತ ಗೊತ್ತಿದ್ದೂ ಕಚೇರಿಯ ಮೆಟ್ಟಿಲು ಹತ್ತಿದವರನ್ನು ಅವನು ಕಣ್ಣಾರೆ ನೋಡಿ ಬಂದಿದ್ದ. ಸೆಪ್ಟೆಂಬರಿನಲ್ಲಿ ಬರ್ಕ್ಲಿಗೆ ಮರಳಿದಾಗ, ಅವರಿಗಾಗಿ ಚಂದಾ ಎತ್ತುವಂತಿಲ್ಲ ಅನ್ನುವ ಪತ್ರ ಕಾದಿತ್ತು.

ಇನ್ನೊಂದು ಹಿನ್ನೆಲೆಯೂ ಇದೆ. ಅದೇ ವರ್ಷದ ಮಾರ್ಚಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಶೆರಟನ್ ಪ್ಯಾಲೇಸ್ ಹೋಟೆಲಿನಲ್ಲಿ ದೊಡ್ಡ ಧರಣಿ ಆಗಿತ್ತು. ಗ್ರಾಹಕರ ಕಣ್ಣಿಗೆ ಬೀಳುವ ಕೆಲಸಕ್ಕೆ ಕರಿಯರನ್ನು ತೆಗೆದುಕೊಳ್ಳುತ್ತಿಲ್ಲ ಅನ್ನುವುದು ದೂರು. ನೂರಾರು ಜನ ಬಂಧನಕ್ಕೊಳಗಾದರು, ಅವರಲ್ಲಿ ಬರ್ಕ್ಲಿ ವಿದ್ಯಾರ್ಥಿಗಳು ಬಹಳ, ಸಾವಿಯೊ ಕೂಡ ಒಬ್ಬ. ಕೊನೆಗೆ ಹೋಟೆಲಿನವರು ಒಪ್ಪಿಕೊಂಡರು. ಸುತ್ತಲಿನ ವ್ಯಾಪಾರಸ್ಥರಿಗೆ ಇದು ಸಹಿಸಲಿಲ್ಲ. ಈ ಹುಡುಗರು ತಯಾರಾಗುವ ಜಾಗ ಯಾವುದು? ಆ 26 ಅಡಿ. ಒತ್ತಡ ಎಲ್ಲಿಂದ ಬಂತು ಅನ್ನುವುದಕ್ಕೆ ವಿದ್ಯಾರ್ಥಿಗಳಿಗೆ ಸಾಕ್ಷಿ ಬೇಕಾಗಿರಲಿಲ್ಲ.

ಕಾರಿನ ಸುತ್ತ 32 ಗಂಟೆ

ಸೆಪ್ಟೆಂಬರ್ 30ರಂದು ಮೇಜು ಹಾಕಿದ್ದ ಐವರ ಹೆಸರು ಬರೆದುಕೊಂಡು, ಮಧ್ಯಾಹ್ನ ಬಂದು ಡೀನ್‌ಗಳನ್ನು ಕಾಣಿ ಅಂದರು. ಐವರಷ್ಟೇ ಹೋಗಲಿಲ್ಲ, ನೂರಾರು ಜನ ಹೋದರು. 400ಕ್ಕೂ ಹೆಚ್ಚು ವಿದ್ಯಾರ್ಥಿಗಳು ‘ನಾವೂ ಮೇಜಿನಲ್ಲಿ ಕೂತಿದ್ದೆವು, ನಮಗೂ ಅದೇ ಶಿಕ್ಷೆ ಕೊಡಿ’ ಅಂತ ಬರೆದು ಸಹಿ ಹಾಕಿದ್ದರು. ಆಡಳಿತಕ್ಕೆ ಏನು ಮಾಡಬೇಕೋ ತೋಚಲಿಲ್ಲ. ನಡುರಾತ್ರಿಯ ಹೊತ್ತಿಗೆ ಆ ಐವರೂ ಸೇರಿ ಎಂಟು ಜನರನ್ನು ಅಮಾನತು ಮಾಡಿತು.

ಮರುದಿನ, ಅಕ್ಟೋಬರ್ 1. ಮೇಜುಗಳು ಈಗ ಗೇಟು ದಾಟಿ ಸ್ಪ್ರೌಲ್ ಹಾಲ್ ಅನ್ನುವ ಆಡಳಿತ ಕಟ್ಟಡದ ಮುಂದೆಯೇ ಬಂದಿದ್ದವು. ಮಧ್ಯಾಹ್ನದ ಹೊತ್ತಿಗೆ ಕೋರ್ ಮೇಜಿನಲ್ಲಿದ್ದ ಜ್ಯಾಕ್ ವೈನ್‌ಬರ್ಗ್‌ನನ್ನು ಪೊಲೀಸರು ಹಿಡಿದರು. ಅವನು ಗಣಿತದ ಮಾಜಿ ವಿದ್ಯಾರ್ಥಿ. ಚಳವಳಿಯಲ್ಲಿ ಕಲಿತ ಹಾಗೆ ಮೈ ಸಡಿಲ ಬಿಟ್ಟ, ನಾಲ್ಕು ಜನ ಹೊತ್ತು ಕಾರಿಗೆ ಹಾಕಿದರು. ಕಾರು ಹೊರಡಬೇಕು, ಅಷ್ಟರಲ್ಲಿ ಗುಂಪಿನಿಂದ ಯಾರೋ ‘ಕೂತ್ಕೊಳ್ಳಿ’ ಅಂತ ಕೂಗಿದರು. ಮುಂದೆ ನೂರು ಜನ ಕೂತರು, ಹಿಂದೆ ನೂರು ಜನ. ನಂತರ ಸಾವಿರಗಟ್ಟಲೆ. ಕಾರು ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ವೈನ್‌ಬರ್ಗ್ ಒಳಗೆ.

ಮುಂದಿನ 32 ಗಂಟೆ ಆ ಕಾರೇ ವೇದಿಕೆ ಆಯಿತು. ಸಾವಿಯೊ ಕಾರಿನ ಮೇಲೆ ಹತ್ತುವ ಮೊದಲು ಬೂಟು ಬಿಚ್ಚಿದ, ಬಣ್ಣಕ್ಕೆ ಗೀರು ಬೀಳಬಾರದು ಅಂತ. ಆಮೇಲೆ ಹತ್ತಿದವರೂ ಹಾಗೇ ಮಾಡಿದರು. ಆದರೂ ಅಷ್ಟು ಜನರ ಭಾರಕ್ಕೆ ಕಾರಿನ ಮೇಲ್ಭಾಗ ತಗ್ಗಿಹೋಯಿತು. ಆ ನಷ್ಟ ತುಂಬಲು ಆಮೇಲೆ ವಿದ್ಯಾರ್ಥಿಗಳೇ ಚಂದಾ ಎತ್ತಿದರು. ಸಾಮಾನ್ಯವಾಗಿ ಮಾತಾಡುವಾಗ ಸಾವಿಯೊಗೆ ವಿಪರೀತ ತೊದಲು. ಕಾರಿನ ಮೇಲೆ ನಿಂತಾಗ ತೊದಲು ಮಾಯ.

ಅವನೊಬ್ಬನೇ ಅಲ್ಲ, ಮಾತಾಡಬೇಕು ಅನ್ನಿಸಿದವರೆಲ್ಲ ಸರದಿಯಲ್ಲಿ ಹತ್ತಿದರು. ಧರಣಿಯನ್ನು ಬೈಯುವವರಿಗೂ ಅವಕಾಶ ಸಿಕ್ಕಿತು. ಇದು ಸಣ್ಣ ವಿಷಯ ಅಲ್ಲ. ಆ ರಾತ್ರಿ ಫ್ರಾಟರ್ನಿಟಿ ಮನೆಗಳ, ಅಂದರೆ ವಿದ್ಯಾರ್ಥಿ ಕ್ಲಬ್ಬುಗಳ, ಹುಡುಗರು ಬಂದು ಕೂತವರ ಮೇಲೆ ಮೊಟ್ಟೆ ಎಸೆದರು, ಉರಿಯುವ ಸಿಗರೇಟು ಎಸೆದರು. ಹೊಡೆದಾಟ ಆಗೇ ಬಿಡುತ್ತದೆ ಅನ್ನುವಾಗ ಒಬ್ಬ ಕ್ಯಾಥೊಲಿಕ್ ಪಾದ್ರಿ ಕಾರು ಹತ್ತಿ ಸಮಾಧಾನ ಹೇಳಿದರು. ಹುಡುಗರು ಕರಗಿ ಮನೆಗೆ ಹೋದರು. ‘ಬರ್ಕ್ಲಿ ವಿದ್ಯಾರ್ಥಿಗಳು’ ಅಂತ ಒಂದೇ ಉಸಿರಿನಲ್ಲಿ ಹೇಳುವವರು ಈ ಮೊಟ್ಟೆ ಎಸೆದವರನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅವರೂ ಅದೇ ಕ್ಲಾಸಿನಲ್ಲಿ ಕೂರುತ್ತಿದ್ದವರೇ.

2ನೇ ತಾರೀಕು ಸಂಜೆ ಹೊತ್ತಿಗೆ ನೂರಾರು ಪೊಲೀಸರು ಸುತ್ತುವರಿದು ನಿಂತಿದ್ದರು. ಕೆರ್ ವಿದ್ಯಾರ್ಥಿ ಪ್ರತಿನಿಧಿಗಳ ಜೊತೆ ಕೂತು ಒಂದು ಒಪ್ಪಂದಕ್ಕೆ ಸಹಿ ಹಾಕಿದರು: ವೈನ್‌ಬರ್ಗ್ ಮೇಲೆ ವಿಶ್ವವಿದ್ಯಾಲಯ ದಾವೆ ಹೂಡುವುದಿಲ್ಲ, ಅಮಾನತನ್ನು ಒಂದು ಸಮಿತಿ ನೋಡುತ್ತದೆ, ನಿಯಮಗಳನ್ನು ಇನ್ನೊಂದು ಸಮಿತಿ ನೋಡುತ್ತದೆ. ಸಾವಿಯೊ ಮತ್ತೆ ಕಾರು ಹತ್ತಿ ಒಪ್ಪಂದ ಓದಿ, ಎಲ್ಲರೂ ಗೌರವದಿಂದ ಮನೆಗೆ ಹೋಗಿ ಅಂದ. ಹೋದರು. ಅದೇ ವಾರಾಂತ್ಯದಲ್ಲಿ ‘ಫ್ರೀ ಸ್ಪೀಚ್ ಮೂವ್‌ಮೆಂಟ್’ ಅನ್ನುವ ಹೆಸರಿನಲ್ಲಿ ಒಕ್ಕೂಟ ಕಟ್ಟಿದರು.

ಯಾರ ಮೇಜು, ಯಾರ ಜೊತೆ

ಈ ಒಕ್ಕೂಟದೊಳಗೆ ಯಾರಿದ್ದರು ಅನ್ನುವುದು ನನಗೆ ಈ ಪ್ರಕರಣದ ಅತಿ ಮುಖ್ಯ ಭಾಗ ಅನ್ನಿಸುತ್ತದೆ. ಮುಂಚೂಣಿಯಲ್ಲಿ ಬೆಟಿನಾ ಆಪ್ತೇಕರ್ ಇದ್ದಳು, ಹೆಸರಾಂತ ಕಮ್ಯುನಿಸ್ಟ್ ಇತಿಹಾಸಕಾರರೊಬ್ಬರ ಮಗಳು. ಅದೇ ಸಭೆಯಲ್ಲಿ ಯಂಗ್ ರಿಪಬ್ಲಿಕನ್ನರ ಪರವಾಗಿ ಮೋನಾ ಹಚಿನ್ ಕೂರುತ್ತಿದ್ದಳು. ಗೋಲ್ಡ್‌ವಾಟರ್‌ಗೆ ಮತ ಕೇಳುವವರೂ, ಗೋಲ್ಡ್‌ವಾಟರ್ ಗೆದ್ದರೆ ಅಣುಬಾಂಬ್ ಬೀಳುತ್ತದೆ ಅಂತ ನಂಬಿದವರೂ ಒಂದೇ ಬೇಡಿಕೆಗೆ ಕೈ ಜೋಡಿಸಿದ್ದರು. ಸ್ವಾತಂತ್ರ್ಯದ ಬಗ್ಗೆ ಇವರಿಗೆ ಒಂದೇ ಸಿದ್ಧಾಂತ ಇತ್ತು ಅಂತಲ್ಲ. ಎಲ್ಲರ ಮೇಜನ್ನೂ ಒಟ್ಟಿಗೇ ಎತ್ತಿಸಿದ್ದರು, ಅದಕ್ಕೆ. ಆಡಳಿತ ಬರೀ ಎಡಪಂಥೀಯರನ್ನು ಮುಟ್ಟಿದ್ದರೆ ರಿಪಬ್ಲಿಕನ್ನರು ಬರುತ್ತಿದ್ದರಾ? ನನಗೆ ಅನುಮಾನ. ಆಮೇಲಾಮೇಲೆ, ವಿಧಾನ ತೀವ್ರವಾದಂತೆ, ಬಲಪಂಥದವರು ಹಿಂದೆ ಸರಿದರು ಕೂಡ.

ಉಳಿದ ಸಾವಿರಾರು ವಿದ್ಯಾರ್ಥಿಗಳ ಧೋರಣೆಯೂ ಒಂದೇ ಥರ ಇರಲಿಲ್ಲ. ಆ ನವೆಂಬರಿನಲ್ಲಿ ಕ್ಯಾಂಪಸ್ಸಿನಲ್ಲೇ ನಡೆದ ಸಮೀಕ್ಷೆಯಲ್ಲಿ ಹೆಚ್ಚಿನವರು ಬೇಡಿಕೆ ಸರಿ ಅಂದರು. ಧರಣಿ ಮಾಡಿದ್ದು ಸರಿ ಅಂದವರು ಅದಕ್ಕಿಂತ ಬಹಳ ಕಡಿಮೆ. ‘ಕೇಳ್ತಿರೋದು ಸರಿ, ಕೇಳೋ ರೀತಿ ಸರಿಯಿಲ್ಲ’ ಅನ್ನುವ ಮಾತು ಎಲ್ಲ ಚಳವಳಿಗೂ ಎದುರಾಗುವಂಥದ್ದೇ.

ಒಂದು ಷರತ್ತು

ನವೆಂಬರ್ ಪೂರ್ತಿ ಸಮಿತಿ, ಸಭೆ, ಮತ್ತೆ ಸಮಿತಿ. ಅದನ್ನೆಲ್ಲ ಬಿಡೋಣ. 20ನೇ ತಾರೀಕು ರೀಜೆಂಟರ ಸಭೆ. ಸಾವಿರಾರು ವಿದ್ಯಾರ್ಥಿಗಳು ಮೆರವಣಿಗೆಯಲ್ಲಿ ಬಂದರು, ಸಾವಿಯೊ ಸೂಟು ಟೈ ಹಾಕಿಕೊಂಡಿದ್ದ. ರೀಜೆಂಟರು ಹಾವೂ ಸಾಯದ, ಕೋಲೂ ಮುರಿಯದ ದಾರಿ ಹುಡುಕಿದರು. ಕ್ಯಾಂಪಸ್ಸಿನ ಕೆಲವು ಕಡೆ ಮೇಜು ಹಾಕಬಹುದು, ಚಂದಾ ಎತ್ತಬಹುದು, ಸದಸ್ಯರನ್ನು ಸೇರಿಸಬಹುದು. ಆದರೆ ಅದೆಲ್ಲ ಕಾನೂನುಬದ್ಧ ಕೆಲಸಕ್ಕೆ ಮಾತ್ರ. ಕಾನೂನುಬಾಹಿರ ಕೆಲಸಕ್ಕೆ ಜನ ಸೇರಿಸಿದರೆ ವಿಶ್ವವಿದ್ಯಾಲಯ ಶಿಕ್ಷೆ ಕೊಡುತ್ತದೆ.

ಮೇಲ್ನೋಟಕ್ಕೆ ವಿದ್ಯಾರ್ಥಿಗಳು ಗೆದ್ದ ಹಾಗೆ. ಪತ್ರಿಕೆಗಳೂ ಹಾಗೇ ಬರೆದವು. ಇನ್ನೇನು ಬೇಕಂತೆ ಇವರಿಗೆ ಅಂತ ಕೇಳಿದರು. ಆದರೆ ಆ ಷರತ್ತನ್ನು ಶೆರಟನ್ ಪ್ಯಾಲೇಸ್ ಪಕ್ಕಕ್ಕಿಟ್ಟು ನೋಡಿ. ಹೋಟೆಲಿನ ಲಾಬಿಯಲ್ಲಿ ಕೂರುವುದು ಅತಿಕ್ರಮ ಪ್ರವೇಶ, ಅಂದರೆ ಅಪರಾಧ. ‘ಶನಿವಾರ ಹೋಟೆಲಿನ ಮುಂದೆ ಸೇರೋಣ ಬನ್ನಿ’ ಅಂತ ಕ್ಯಾಂಪಸ್ಸಿನಲ್ಲಿ ಕರೆಕೊಟ್ಟವನು, ಆಮೇಲೆ ಅಲ್ಲಿ ಯಾರಾದರೂ ಬಂಧನಕ್ಕೊಳಗಾದರೆ, ಓದು ಕಳೆದುಕೊಳ್ಳಬಹುದು. ಕರಿಯರ ಹಕ್ಕಿನ ಹೋರಾಟ ನಡೆಯುತ್ತಿದ್ದದ್ದೇ ಇಂಥ ಧರಣಿಗಳಿಂದ. ಹಾಗಾಗಿ ಉಳಿದವರಿಗೆಲ್ಲ ಮೇಜು ವಾಪಸ್ ಸಿಕ್ಕಿತು, ಜಗಳಕ್ಕೆ ಕಾರಣರಾದವರಿಗೆ ಮಾತ್ರ ಸಿಗಲಿಲ್ಲ.

ವಿದ್ಯಾರ್ಥಿಗಳ ವಾದ ಸರಳ. ನಾವು ತಪ್ಪು ಮಾಡಿದರೆ ಕೋರ್ಟು ಇದೆ, ಜೈಲಿಗೆ ಹೋಗುತ್ತೇವೆ. ಒಂದು ಮಾತು ಕಾನೂನು ಮೀರಿತೋ ಇಲ್ಲವೋ ಅಂತ ತೀರ್ಮಾನಿಸಲು ಡೀನ್ ಯಾರು? ಅದೇ ಮಾತಿಗೆ ಹೊರಗೆ ನ್ಯಾಯಾಧೀಶರು, ಸಾಕ್ಷಿ, ವಕೀಲರು. ಒಳಗೆ ಒಂದು ಪತ್ರ, ಕತೆ ಮುಗಿಯಿತು. ಈ ವಾದ ಗಟ್ಟಿ ಅಂತ ನನ್ನ ಅಭಿಪ್ರಾಯ. ಕೆರ್ ಇದನ್ನು ಅರ್ಥ ಮಾಡಿಕೊಳ್ಳಲಿಲ್ಲ ಅಂತ ನಾನು ನಂಬುವುದಿಲ್ಲ, ಅರ್ಥವಾಗಿತ್ತು. ಮೇಲೆ ರೀಜೆಂಟರು, ಸುತ್ತ ಶಾಸಕರು, ಅವರ ಕೈಯಲ್ಲಿ ದುಡ್ಡು.

ನವೆಂಬರ್ 23ರಂದು ಕರೆದ ಧರಣಿ ಠುಸ್ ಆಯಿತು. ಒಳಗೊಳಗೇ ಒಡಕು, ಜನರೂ ಬರಲಿಲ್ಲ. ಚಳವಳಿ ಅಲ್ಲಿಗೆ ಮುಗಿಯಬೇಕಿತ್ತು. ಆಗ ಆಡಳಿತವೇ ಜೀವ ಕೊಟ್ಟಿತು. ಥ್ಯಾಂಕ್ಸ್‌ಗಿವಿಂಗ್ ರಜೆಯಲ್ಲಿ ಸಾವಿಯೊ ಮತ್ತು ಇನ್ನು ಮೂವರಿಗೆ ಶಿಸ್ತು ಕ್ರಮದ ಪತ್ರ ಬಂತು, ಎರಡು ತಿಂಗಳ ಹಿಂದಿನ ಕಾರಿನ ಘಟನೆಗೆ! ತಣ್ಣಗಾಗಿದ್ದವರೆಲ್ಲ ಮತ್ತೆ ಎದ್ದು ಕೂತರು.

ಕಚ್ಚಾ ಸರಕು

ಡಿಸೆಂಬರ್ 2ರ ಮಧ್ಯಾಹ್ನ ಸ್ಪ್ರೌಲ್ ಮೆಟ್ಟಿಲ ಮೇಲೆ ಸಾವಿಯೊ ಮಾಡಿದ ಭಾಷಣದ ಒಂದು ತುಣುಕು ಎಲ್ಲ ಕಡೆ ಸಿಗುತ್ತದೆ. ಯಂತ್ರದ ಚಲನೆ ಅಸಹ್ಯ ಹುಟ್ಟಿಸುವಷ್ಟಾದಾಗ ಅದರ ಗಾಲಿಗಳ ಮೇಲೆ ನಮ್ಮ ಮೈಯನ್ನೇ ಒಡ್ಡಿ ನಿಲ್ಲಿಸಬೇಕು ಅನ್ನುವ ಭಾಗ ಅದು. ಅದಕ್ಕಿಂತ ಮೊದಲಿನ ಭಾಗವನ್ನು ಯಾರೂ ಜಾಸ್ತಿ ಹೇಳುವುದಿಲ್ಲ, ನನಗೆ ಅದೇ ಮುಖ್ಯ. ಕೆರ್ ಯಾಕೆ ರೀಜೆಂಟರ ವಿರುದ್ಧ ಬಹಿರಂಗವಾಗಿ ಮಾತಾಡಲಿಲ್ಲ ಅಂತ ಕೇಳಿದ್ದಕ್ಕೆ, ಒಂದು ಕಂಪನಿಯ ಮ್ಯಾನೇಜರ್ ತನ್ನ ನಿರ್ದೇಶಕ ಮಂಡಳಿಯ ವಿರುದ್ಧ ಹೇಳಿಕೆ ಕೊಡುವುದುಂಟೇ ಅನ್ನುವ ಉತ್ತರ ಬಂತಂತೆ. ಸಾವಿಯೊ ಅದನ್ನೇ ಎತ್ತಿಕೊಂಡ. ಸರಿ, ಇದು ಕಂಪನಿ, ರೀಜೆಂಟರು ನಿರ್ದೇಶಕರು, ಕೆರ್ ಮ್ಯಾನೇಜರ್. ಹಾಗಾದರೆ ಪ್ರಾಧ್ಯಾಪಕರು ನೌಕರರು, ನಾವು ಕಚ್ಚಾ ಸರಕು. ಆದರೆ ನಾವು ಯಾರೋ ಕೊಂಡುಕೊಳ್ಳಲಿ ಅಂತ ತಯಾರಾಗಲು ಒಪ್ಪದ ಸರಕು, ನಾವು ಮನುಷ್ಯರು.

ಮಾತಿನ ಹಕ್ಕಿನ ಜಗಳ ಇಲ್ಲಿ ಭವಿಷ್ಯದ ಜಗಳ ಆಗಿಬಿಡುತ್ತದೆ. ಆಗ ಬರ್ಕ್ಲಿಯಲ್ಲಿ ಸುಮಾರು 27 ಸಾವಿರ ವಿದ್ಯಾರ್ಥಿಗಳು. ಪ್ರವೇಶ, ಕೋರ್ಸು, ಅಂಕ ಎಲ್ಲವೂ ಐಬಿಎಂ ಯಂತ್ರಕ್ಕೆ ಹಾಕುವ ತೂತಿನ ಕಾರ್ಡಿನಲ್ಲಿ. ಆ ಕಾರ್ಡಿನ ಮೇಲೆ ‘ಮಡಚಬೇಡಿ, ಚುಚ್ಚಬೇಡಿ, ಹರಿಯಬೇಡಿ’ ಅಂತ ಅಚ್ಚು ಹಾಕಿರುತ್ತಿದ್ದರು. ವಿದ್ಯಾರ್ಥಿಗಳು ಅದನ್ನೇ ಬರೆದು ಎದೆಗೆ ತಗುಲಿಸಿಕೊಂಡರು: ನಾನೊಬ್ಬ ವಿದ್ಯಾರ್ಥಿ, ನನ್ನನ್ನು ಮಡಚಬೇಡಿ, ಚುಚ್ಚಬೇಡಿ, ಹರಿಯಬೇಡಿ. ಕೆರ್ ಅವರೇ 1963ರಲ್ಲಿ ಹಾರ್ವರ್ಡಿನಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ ಆಧುನಿಕ ವಿಶ್ವವಿದ್ಯಾಲಯವನ್ನು ಜ್ಞಾನದ ಉದ್ಯಮದ ಕೇಂದ್ರ ಅಂತ ವರ್ಣಿಸಿದ್ದರು. ಅವರು ಹೇಳಿದ್ದು ಇದ್ದ ಸ್ಥಿತಿಯನ್ನು. ಹುಡುಗರಿಗೆ ಅದು ತಮ್ಮ ಮುಂದಿನ ನಲವತ್ತು ವರ್ಷದ ನಕ್ಷೆ ಥರ ಕೇಳಿಸಿತು.

ಇವರಿಗೆ ಕೆಲಸ ಸಿಗದ ಭಯ ಇರಲಿಲ್ಲ ಅನ್ನುವುದನ್ನೂ ಹೇಳಬೇಕು. ಅಮೆರಿಕದ ಆರ್ಥಿಕತೆ ಏರುತ್ತಿದ್ದ ಕಾಲ ಅದು, ಅದೂ ಬರ್ಕ್ಲಿಯ ಪದವಿ. ಇವತ್ತಿನ ವಿದ್ಯಾರ್ಥಿ ಸಾಲ ತೀರಿಸುವುದು ಹೇಗೆ ಅಂತ ಯೋಚಿಸುತ್ತಾನೆ, ಅವರು ಇಂಥ ಕೆಲಸವೇ ಬೇಡ ಅಂತ ಯೋಚಿಸುತ್ತಿದ್ದರು. ಧೈರ್ಯಕ್ಕೆ ಹೊಟ್ಟೆ ತುಂಬಿರುವುದೂ ಒಂದು ಕಾರಣ. ಇದು ಅವರನ್ನು ಕಡಿಮೆ ಮಾಡುವ ಮಾತಲ್ಲ. ಜೈಲಿಗೆ ಹೋದವರು ಹೋದರು.

ಭಾಷಣ ಮುಗಿದ ಮೇಲೆ ಗಾಯಕಿ ಜೋನ್ ಬಯೆಜ್ ಹಾಡುತ್ತಿದ್ದ ಹಾಗೇ ಸಾವಿರಕ್ಕೂ ಹೆಚ್ಚು ಜನ ಸ್ಪ್ರೌಲ್ ಹಾಲ್ ಒಳಗೆ ನಡೆದರು. ರಾತ್ರಿಯಿಡೀ ಒಂದು ಮಹಡಿಯಲ್ಲಿ ಪಾಠ, ಇನ್ನೊಂದರಲ್ಲಿ ಚಾಪ್ಲಿನ್ ಸಿನಿಮಾ, ಮತ್ತೊಂದು ಕಡೆ ಯಹೂದಿ ವಿದ್ಯಾರ್ಥಿಗಳ ಹನುಕ್ಕಾ ಹಬ್ಬದ ಪ್ರಾರ್ಥನೆ. ಬೆಳಗಿನ ಜಾವ 3 ಗಂಟೆಯ ಸುಮಾರಿಗೆ ಬರ್ಕ್ಲಿ ಕ್ಯಾಂಪಸ್ಸಿನ ಮುಖ್ಯಸ್ಥ, ಚಾನ್ಸಲರ್ ಎಡ್ವರ್ಡ್ ಸ್ಟ್ರಾಂಗ್ ಧ್ವನಿವರ್ಧಕ ಹಿಡಿದು ಬಂದು ಜಾಗ ಖಾಲಿ ಮಾಡಿ ಅಂದರು. ರಾಜ್ಯಪಾಲ ಪ್ಯಾಟ್ ಬ್ರೌನ್ ಪೊಲೀಸರಿಗೆ ಆದೇಶ ಕೊಟ್ಟಾಗಿತ್ತು. ಸುಮಾರು 800 ಜನರನ್ನು ಬಂಧಿಸಿ ಹೊರಗೆ ಸಾಗಿಸಲು ಹನ್ನೆರಡು ತಾಸು ಹಿಡಿಯಿತು. ಬೆಳಿಗ್ಗೆ ಪಾಠ ಮಾಡಲು ಬಂದ ಪ್ರಾಧ್ಯಾಪಕರು ತಮ್ಮ ವಿದ್ಯಾರ್ಥಿಗಳನ್ನು ಮೆಟ್ಟಿಲ ಮೇಲೆ ದರದರ ಎಳೆದುಕೊಂಡು ಹೋಗುವುದನ್ನು ನೋಡಿದರು. ಪ್ರಕರಣ ತಿರುಗಿದ್ದು ಅಲ್ಲೇ.

824 ಮತ್ತು 115

ಡಿಸೆಂಬರ್ 7ರಂದು ಕೆರ್ ತರಗತಿಗಳನ್ನೆಲ್ಲ ನಿಲ್ಲಿಸಿ ಬಯಲು ರಂಗಮಂದಿರದಲ್ಲಿ ಸಭೆ ಕರೆದರು. ಸಾವಿರಾರು ಜನ. ಒಳ್ಳೆಯ ಭಾಷಣ ಮಾಡಿದರು, ಹಳೆಯದಕ್ಕೆ ಕ್ಷಮೆ, ಹೊಸ ಶುರು. ಸಭೆ ಮುಗಿಯಿತು ಅಂತ ಘೋಷಿಸಿದ ಗಳಿಗೆಯಲ್ಲಿ ಸಾವಿಯೊ ನಿಧಾನವಾಗಿ ಮೈಕಿನ ಹತ್ತಿರ ನಡೆದು ಬಂದ. ಬಾಯಿ ತೆರೆಯುವ ಮೊದಲೇ ಇಬ್ಬರು ಪೊಲೀಸರು ಹಿಡಿದು ವೇದಿಕೆಯಿಂದ ಎಳೆದುಕೊಂಡು ಹೋದರು. ಅಷ್ಟು ಜನರ ಕಣ್ಣೆದುರು. ಅವನು ಹೇಳಬೇಕೆಂದಿದ್ದದ್ದು ಮುಂದಿನ ಸಭೆ ಎಲ್ಲಿ ಅನ್ನುವುದನ್ನು ಮಾತ್ರ. ಆಮೇಲೆ ಬಿಟ್ಟಾಗ ಅಷ್ಟನ್ನೇ ಹೇಳಿ ಇಳಿದ. ಕೆರ್ ಅವರ ಭಾಷಣ ಯಾರಿಗೂ ನೆನಪಿನಲ್ಲಿ ಉಳಿಯಲಿಲ್ಲ.

ಮರುದಿನ ಅಧ್ಯಾಪಕರ ಸೆನೆಟ್ ಸೇರಿತು. ಹೊರಗೆ ವಿದ್ಯಾರ್ಥಿಗಳು ಧ್ವನಿವರ್ಧಕದಲ್ಲಿ ಚರ್ಚೆ ಕೇಳುತ್ತಿದ್ದರು. ಮಾತಿನ ವಿಷಯದ ಮೇಲೆ ವಿಶ್ವವಿದ್ಯಾಲಯ ನಿರ್ಬಂಧ ಹಾಕಬಾರದು, ಸಮಯ, ಸ್ಥಳ, ರೀತಿಯ ಬಗ್ಗೆ ಮಾತ್ರ ನಿಯಮ ಮಾಡಬಹುದು ಅನ್ನುವ ನಿರ್ಣಯಕ್ಕೆ ಪರ 824, ವಿರೋಧ 115. ಅಧ್ಯಾಪಕರು ಹೊರಬಂದಾಗ ವಿದ್ಯಾರ್ಥಿಗಳು ದಾರಿಯ ಎರಡೂ ಕಡೆ ನಿಂತು ಚಪ್ಪಾಳೆ ಹೊಡೆದರು. ಡಿಸೆಂಬರ್ 18ರಂದು ರೀಜೆಂಟರು ಅದನ್ನು ಅಕ್ಷರಶಃ ಒಪ್ಪದಿದ್ದರೂ, ವಾಕ್ ಸ್ವಾತಂತ್ರ್ಯವನ್ನು ಕಾಯುವ ಸಂವಿಧಾನದ ಒಂದನೇ ಮತ್ತು 14ನೇ ತಿದ್ದುಪಡಿ ಹೇಳುವುದಕ್ಕಿಂತ ಜಾಸ್ತಿ ನಿರ್ಬಂಧ ಹಾಕುವ ಉದ್ದೇಶ ಇಲ್ಲ ಅಂದರು. ಜನವರಿಯ ಹೊತ್ತಿಗೆ ಸ್ಟ್ರಾಂಗ್ ಜಾಗಕ್ಕೆ ಮಾರ್ಟಿನ್ ಮೇಯರ್‌ಸನ್ ಬಂದರು, ಮೆಟ್ಟಿಲ ಮೇಲೆ ಸಭೆಗಳು ಶುರುವಾದವು.

ಬೆಲೆಯನ್ನೂ ನೋಡೋಣ. ಬಂಧಿತರ ಮೇಲೆ ಕೇಸು ನಡೆಯಿತು, ಸಾವಿಯೊಗೆ ನಾಲ್ಕು ತಿಂಗಳ ಜೈಲು ಶಿಕ್ಷೆ ಆಯಿತು. 1965ರ ಮಾರ್ಚಿನಲ್ಲಿ ಒಬ್ಬ ಯುವಕ ಒಂದು ಅಶ್ಲೀಲ ಪದ ಬರೆದ ಹಾಳೆ ಹಿಡಿದು ಕೂತ, ಇದೇನಾ ನಿಮ್ಮ ಸ್ವಾತಂತ್ರ್ಯ ಅಂತ ಊರೆಲ್ಲ ನಕ್ಕಿತು. 1966ರಲ್ಲಿ ರೊನಾಲ್ಡ್ ರೇಗನ್ ಬರ್ಕ್ಲಿಯ ಕೊಳೆ ತೊಳೆಯುತ್ತೇನೆ ಅಂತ ಪ್ರಚಾರ ಮಾಡಿ ರಾಜ್ಯಪಾಲರ ಚುನಾವಣೆ ಗೆದ್ದರು. 1967ರ ಜನವರಿಯಲ್ಲಿ ರೀಜೆಂಟರು ಕೆರ್ ಅವರನ್ನೇ ಮನೆಗೆ ಕಳಿಸಿದರು. ವಿದ್ಯಾರ್ಥಿಗಳಿಗೆ ಅವರು ಸರ್ವಾಧಿಕಾರಿ, ರೇಗನ್‌ಗೆ ಮೆತ್ತನೆಯವರು.

‘ಮೂವತ್ತು ದಾಟಿದ ಯಾರನ್ನೂ ನಂಬಬೇಡಿ’ ಅನ್ನುವ ಮಾತು ಹುಟ್ಟಿದ್ದೂ ಇದೇ ಗಲಾಟೆಯಲ್ಲಿ. ಹೇಳಿದವನು ವೈನ್‌ಬರ್ಗ್. ನಿಮ್ಮ ಹಿಂದೆ ಕಮ್ಯುನಿಸ್ಟರಿದ್ದಾರಾ ಅಂತ ಒಬ್ಬ ವರದಿಗಾರ ಪದೇ ಪದೇ ಕೆದಕುತ್ತಿದ್ದ, ಅವನನ್ನು ಸಾಗಹಾಕಲು ಸುಮ್ನೆ ಅಂದ ಮಾತು ಅದು ಅಂತ ಆಮೇಲೆ ವೈನ್‌ಬರ್ಗೇ ಹೇಳಿದ. ಅದನ್ನೇ ಒಂದು ಪೀಳಿಗೆಯ ಧೋರಣೆ ಅಂತ ಜಗತ್ತು ಹಿಡಿದುಕೊಂಡಿತು.

ಅದೇ ಮೆಟ್ಟಿಲು, 2017

ಆ ಮೆಟ್ಟಿಲಿಗೆ 1997ರಿಂದ ಸಾವಿಯೊನ ಹೆಸರಿದೆ. ಅವನು ತೀರಿಕೊಂಡಿದ್ದು 1996ರಲ್ಲಿ. 2017ರ ಫೆಬ್ರುವರಿ 1ರಂದು ಅದೇ ಚೌಕದಲ್ಲಿ ವಿದ್ಯಾರ್ಥಿಗಳು ಮತ್ತೆ ಸೇರಿದರು, ಒಬ್ಬನ ಭಾಷಣ ನಿಲ್ಲಿಸಲು. ಬಲಪಂಥದ ಮಿಲೊ ಯಿಯಾನೊಪೌಲಸ್‌ನನ್ನು ಕಾಲೇಜಿನ ರಿಪಬ್ಲಿಕನ್ ವಿದ್ಯಾರ್ಥಿಗಳು ಕರೆಸಿದ್ದರು. ವಲಸಿಗರ ಬಗ್ಗೆ, ಲಿಂಗಾಂತರಿಗಳ ಬಗ್ಗೆ ಅವನು ಆಡುವ ಮಾತು ಬರೀ ಮಾತಲ್ಲ, ಅದರಿಂದ ಜನರಿಗೆ ಹಾನಿ ಆಗುತ್ತದೆ ಅನ್ನುವುದು ವಿರೋಧಿಗಳ ವಾದ. ಹೆಚ್ಚಿನವರು ಶಾಂತವಾಗಿ ನಿಂತಿದ್ದರು. ಮುಸುಕು ಹಾಕಿದ ನೂರೈವತ್ತರಷ್ಟು ಜನ ನುಗ್ಗಿ ಗಾಜು ಒಡೆದು ಬೆಂಕಿ ಹಚ್ಚಿದರು. ಕಾರ್ಯಕ್ರಮ ರದ್ದು. ಕ್ಯಾಂಪಸ್ಸಿಗೆ ಸುಮಾರು 1 ಲಕ್ಷ ಡಾಲರ್ ನಷ್ಟ.

ಹಳೆಯ ಚಳವಳಿಯ ಕೆಲವರು ಅದಕ್ಕೂ ಮೊದಲೇ ವಿದ್ಯಾರ್ಥಿ ಪತ್ರಿಕೆಗೆ ಬರೆದಿದ್ದರು. ಅವನ ಮಾತು ನಮಗೆ ಹೇಸಿಗೆ, ಆದರೂ ನಿಷೇಧ ಬೇಡ ಅನ್ನುವುದು ಸಾರ. ಆ ಪೀಳಿಗೆಯಿಂದ ಈ ಪೀಳಿಗೆಗೆ ಏನಾಯಿತು ಅಂತ ಕೇಳುವವರು ನೈಟ್ ಪ್ರತಿಷ್ಠಾನದ ಸಮೀಕ್ಷೆಗಳನ್ನು ತೋರಿಸುತ್ತಾರೆ. 2017ರ ಕೊನೆಯಲ್ಲಿ ಕೇಳಿದಾಗ, ವಾಕ್ ಸ್ವಾತಂತ್ರ್ಯ ಮತ್ತು ಎಲ್ಲರನ್ನೂ ಒಳಗೊಳ್ಳುವ ಸಮಾಜ ಇವೆರಡರಲ್ಲಿ ಯಾವುದು ಹೆಚ್ಚು ಅಂದರೆ ಶೇ 53ರಷ್ಟು ವಿದ್ಯಾರ್ಥಿಗಳು ಎರಡನೆಯದು ಅಂದರು, ಶೇ 46ರಷ್ಟು ಮೊದಲನೆಯದು. ಕ್ಯಾಂಪಸ್ಸಿನ ವಾತಾವರಣದಿಂದಾಗಿ ಕೆಲವರು ಅನ್ನಿಸಿದ್ದನ್ನು ಹೇಳಲಾರರು ಅಂದವರು 2016ರಲ್ಲಿ ಶೇ 54, 2021ರಲ್ಲಿ ಶೇ 65. ವಾಕ್ ಸ್ವಾತಂತ್ರ್ಯ ಭದ್ರವಾಗಿದೆ ಅಂದವರು ಅದೇ ಅವಧಿಯಲ್ಲಿ ಶೇ 73ರಿಂದ ಶೇ 47ಕ್ಕೆ ಇಳಿದರು.

ಹಳಬರು ಸ್ವಾತಂತ್ರ್ಯಪ್ರಿಯರು, ಹೊಸಬರು ಮುಟ್ಟಿದರೆ ಮುನಿಯುವವರು ಅಂತ ಈ ಅಂಕಿಗಳನ್ನು ಓದುವುದು ನನಗೆ ಒಪ್ಪಿಗೆಯಿಲ್ಲ. 1964ರ ಹುಡುಗರಿಗೂ ಮೊದಲು ಬೇಕಾಗಿದ್ದು ಒಳಗೊಳ್ಳುವ ಸಮಾಜವೇ. ಹೋಟೆಲಿನಲ್ಲಿ ಕರಿಯರಿಗೆ ಕೆಲಸ, ಮಿಸಿಸಿಪಿಯಲ್ಲಿ ಮತ. ಅದಕ್ಕೆ ಅಡ್ಡ ಬಂದದ್ದು ಬಾಯಿ ಮುಚ್ಚಿಸುವ ನಿಯಮ, ಹಾಗಾಗಿ ಮಾತಿನ ಹಕ್ಕು ಕೈಗೆ ಸಿಕ್ಕ ಸಾಧನ ಆಯಿತು. 2017ರಲ್ಲಿ ಅದೇ ಗುರಿ ಇದ್ದವರಿಗೆ ಅಡ್ಡ ಬಂದ ಹಾಗೆ ಕಂಡದ್ದು ಇನ್ನೊಬ್ಬನ ಮಾತು. ಸಮಾಜ ಹೇಗಿರಬೇಕು ಅನ್ನುವ ಆಸೆ ಬದಲಾಗಲಿಲ್ಲ, ದಾರಿಗೆ ಅಡ್ಡ ನಿಂತವರು ಯಾರು ಅನ್ನುವ ಲೆಕ್ಕ ಬದಲಾಯಿತು. ಆ ಲೆಕ್ಕ ತಪ್ಪು ಅಂತ ನನ್ನ ಅನಿಸಿಕೆ. ನಿಷೇಧಿಸುವ ಅಧಿಕಾರವನ್ನು ಆಡಳಿತದ ಕೈಗೆ ಕೊಟ್ಟರೆ ಅದು ಯಾರ ಮೇಜನ್ನು ಮೊದಲು ಎತ್ತಿಸುತ್ತದೆ ಅನ್ನುವುದಕ್ಕೆ 1964ರ ನವೆಂಬರಿನ ಷರತ್ತೇ ಸಾಕ್ಷಿ.

824 ಜನ ಮತ ಹಾಕಿದ ಆ ನಿರ್ಣಯದ ‘ಸಮಯ, ಸ್ಥಳ, ರೀತಿ’ ಅನ್ನುವ ಭಾಗ 2017ರಲ್ಲಿ ಮತ್ತೆ ಎದ್ದು ಬಂತು. ಬಲಪಂಥದ ಲೇಖಕಿ ಆ್ಯನ್ ಕೋಲ್ಟರ್ ಬರುತ್ತೇನೆ ಅಂದಾಗ ವಿಶ್ವವಿದ್ಯಾಲಯ ಮೇ 2ರ ಮಧ್ಯಾಹ್ನದ ಸಮಯ ಕೊಟ್ಟಿತು, ತರಗತಿಗಳೇ ಇಲ್ಲದ ವಾರ ಅದು. ಆಕೆ ಬರಲಿಲ್ಲ. ಸೆಪ್ಟೆಂಬರ್ 14ರಂದು, ಟೋಲ್ ಅವರ ಪತ್ರ ಬಂದು ಸರಿಯಾಗಿ 53 ವರ್ಷಕ್ಕೆ, ಬಲಪಂಥದ ಇನ್ನೊಬ್ಬ ಮಾತುಗಾರ ಬೆನ್ ಶಪಿರೊ ಮಾತಾಡಿ ಹೋದ. ಆ ಒಂದು ಸಂಜೆಯ ಭದ್ರತೆಗೆ ಸುಮಾರು 6 ಲಕ್ಷ ಡಾಲರ್ ಖರ್ಚಾಯಿತು. ಸಮಯ ಮತ್ತು ಸ್ಥಳದ ನೆಪದಲ್ಲಿ ನಮ್ಮ ಭಾಷಣಕಾರರನ್ನೇ ಹಿಂಡುತ್ತಿದ್ದಾರೆ ಅಂತ ರಿಪಬ್ಲಿಕನ್ ವಿದ್ಯಾರ್ಥಿಗಳು ಮತ್ತು ಒಂದು ಸಂಪ್ರದಾಯವಾದಿ ಯುವ ಸಂಘಟನೆ ಕೋರ್ಟಿಗೆ ಹೋದವು. 2018ರ ಡಿಸೆಂಬರಿನಲ್ಲಿ ರಾಜಿ ಆಯಿತು. ವಿಶ್ವವಿದ್ಯಾಲಯ 70 ಸಾವಿರ ಡಾಲರ್ ಕೊಟ್ಟಿತು, ಕೆಲವು ನಿಯಮ ತಿದ್ದಲು ಒಪ್ಪಿತು. ಗೆದ್ದದ್ದು ನಾವೇ ಅಂತ ಎರಡೂ ಕಡೆಯವರು ಹೇಳಿಕೆ ಕೊಟ್ಟರು.